ಹೊರದೇಶದಿಂದ ತರಿಸಿದ ಹವ್ಯಾಸದ ಸರಕಿಗೆ ತೆರಿಗೆ

ಅಜ್ಜೀಪುರದ ವರ್ತಕರೊಬ್ಬರು ಚಿತ್ರಕಲೆಯ ಕುಂಚ, ಬಣ್ಣಗಳನ್ನು ವಿದೇಶೀ ಮಳಿಗೆಯಿಂದ ನೇರವಾಗಿ ತರಿಸಿದರೆಂದು ಭಾವಿಸೋಣ. ಮಾರಿದವನು ಹೊರದೇಶದಲ್ಲಿರುವುದರಿಂದ ಮಾರಾಟ ತೆರಿಗೆಯೇ ಇಲ್ಲವೆಂಬುದು ಹಲವರ ಎಣಿಕೆ. ಆಮದಿನ ಮೇಲೆ ರಾಜ್ಯವು ತೆರಿಗೆ ವಿಧಿಸದಂತೆ ಸಂವಿಧಾನದ 286ನೆಯ ವಿಧಿ ತಡೆದಿದೆ, ನಿಜ. ಆದರೆ 2006ರಲ್ಲಿ ಬಹುತೇಕ ಆಮದುಗಳಿಗೆ ಅದರ ಬದಲು ಶೇ. 4ರ ವಿಶೇಷ ಹೆಚ್ಚುವರಿ ಸುಂಕ ಬಂದಿತು. 2017ರ ಜುಲೈ 1ರಿಂದ ಆ ಸ್ಥಾನದಲ್ಲಿ ಐಜಿಎಸ್‌ಟಿ ಇದೆ.

ಸಾಗಣೆ, ವಿಮೆ ಸೇರಿ ಮೌಲ್ಯ ರೂ. 10,000, ಮೂಲ ಸುಂಕ ಶೇ. 10, ಐಜಿಎಸ್‌ಟಿ ಶೇ. 18 ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಸುಂಕ ರೂ. 1,000, ಅದರ ಶೇ. 10ರಂತೆ ಸಮಾಜ ಕಲ್ಯಾಣ ಮೇಲ್ತೆರಿಗೆ ರೂ. 100, ಒಟ್ಟು ರೂ. 11,100ರ ಮೇಲೆ ಐಜಿಎಸ್‌ಟಿ ರೂ. 1,998. ಸುಂಕದ ಮೇಲೂ ತೆರಿಗೆ ಬೀಳುವುದನ್ನು ಗಮನಿಸಬೇಕು. ಉಡುಗೊರೆಯೆಂದು ಚೀಟಿ ಅಂಟಿಸಿದರೆ ವಿನಾಯಿತಿ ದೊರೆಯುವುದೆಂಬ ಹಳೆಯ ನಂಬಿಕೆಗೆ 2019ರ ಡಿಸೆಂಬರ್‌ನಲ್ಲೇ ತೆರೆ ಬಿದ್ದಿದೆ.

ಸ್ವಂತ ಬಳಕೆಗೆ ತರಿಸಿದ ಸರಕಿನ ಐಜಿಎಸ್‌ಟಿ ಹಿಂದಿರುಗದು. ಮಾರಲು ತರಿಸುವವರು ಆಮದು-ರಫ್ತು ಸಂಕೇತ ಪಡೆದು, ಬಿಲ್ ಆಫ್ ಎಂಟ್ರಿಯಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆ ನಮೂದಾಗಿದ್ದರೆ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಮೂಲ ಸುಂಕ ಮಾತ್ರ ಖರ್ಚೇ. ರಾಜಿ ತೆರಿಗೆ ಪದ್ಧತಿಯಲ್ಲಿರುವ ಸಣ್ಣ ವರ್ತಕರಿಗೆ ಈ ಜಮೆಯೂ ಇಲ್ಲ. ಅವರು ಬೆಲೆ ಕಟ್ಟುವಾಗ ರೂ. 13,098ನ್ನೇ ಅಸಲೆಂದು ಹಿಡಿಯಬೇಕು.