ಸಮುದಾಯ ಕಾಲೇಜುಗಳ ಪೂರ್ವಸಿದ್ಧತಾ ಶಿಕ್ಷಣವೂ ಸರ್ಕಾರದ ದ್ರವ್ಯವೂ

ವಿದ್ಯಾಶಾಲೆಯ ಬಾಗಿಲನ್ನು ಎಲ್ಲರಿಗೂ ತೆರೆಯುವುದು ಒಂದು ಕಾರ್ಯ. ಒಳಗೆ ಬಂದವರು ಪಾಠವನ್ನು ಗ್ರಹಿಸುವಂತೆ ಮಾಡುವುದು ಮತ್ತೊಂದು ಕಾರ್ಯ. ಮೊದಲನೆಯದು ಶಾಸನಮಾತ್ರದಿಂದ ಆಗಬಹುದು; ಎರಡನೆಯದಕ್ಕೆ ಉಪಾಧ್ಯಾಯರೂ ಕಾಲವೂ ಹಣವೂ ಬೇಕು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸಮುದಾಯ ಕಾಲೇಜುಗಳ ಚರಿತ್ರೆಯಲ್ಲಿ ಈ ಎರಡರ ನಡುವಣ ಅಂತರವು ಸ್ಪಷ್ಟವಾಗಿ ಕಾಣುತ್ತದೆ. ಅದರಲ್ಲಿಯೂ ೧೧೬ ಕಾಲೇಜುಗಳುಳ್ಳ ಕ್ಯಾಲಿಫೋರ್ನಿಯಾ ಸಂಸ್ಥಾನದ ಅನುಭವವು ವಿಶೇಷವಾಗಿ ವಿಚಾರಾರ್ಹವಾದುದು.

ಸಮುದಾಯ ಕಾಲೇಜೆಂದರೆ ಆಯಾ ಸೀಮೆಯ ಜನರಿಗಾಗಿ ಸಾರ್ವಜನಿಕ ದ್ರವ್ಯದಿಂದ ನಡೆಯುವ, ಸಾಮಾನ್ಯವಾಗಿ ಎರಡು ವರ್ಷಗಳ ವ್ಯಾಸಂಗವುಳ್ಳ ವಿದ್ಯಾಶಾಲೆ. ಅಲ್ಲಿ ಓದಿದವರು ಕಸಬನ್ನು ಹಿಡಿಯಬಹುದು. ಇಲ್ಲವೆ ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ಸೇರಬಹುದು. ಈ ಬಗೆಯ ಮೊದಲ ಸಾರ್ವಜನಿಕ ಕಾಲೇಜು ೧೯೦೧ರಲ್ಲಿ ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಪಟ್ಟಣದಲ್ಲಿ ಪ್ರಾರಂಭವಾಯಿತು. ಅಧ್ಯಕ್ಷ ಟ್ರೂಮನ್ ಅವರು ನೇಮಿಸಿದ್ದ ಆಯೋಗದ ೧೯೪೭ರ ವರದಿಯು 'ಸಮುದಾಯ ಕಾಲೇಜು' ಎಂಬ ಹೆಸರನ್ನು ಬಳಕೆಗೆ ತಂದಿತು. ೧೯೬೦ರಲ್ಲಿ ಕ್ಯಾಲಿಫೋರ್ನಿಯಾ ಒಂದು ಮಹಾಯೋಜನೆಯನ್ನು ಅಂಗೀಕರಿಸಿತು. ಅದರಂತೆ ಪ್ರೌಢಶಾಲೆಯನ್ನು ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಪಾಲಿನವರು ವಿಶ್ವವಿದ್ಯಾನಿಲಯಕ್ಕೂ, ಮೇಲಿನ ಮೂರನೆಯ ಒಂದು ಪಾಲಿನವರು ಸಂಸ್ಥಾನದ ಕಾಲೇಜುಗಳಿಗೂ ಅರ್ಹರು; ಎರಡು ವರ್ಷಗಳ ಕಾಲೇಜುಗಳಾದರೋ ಪಾಠದಿಂದ ಪ್ರಯೋಜನ ಪಡೆಯಬಲ್ಲ ಎಲ್ಲರಿಗೂ ತೆರೆದಿರತಕ್ಕವು.

ಬಾಗಿಲು ತೆರೆದ ಮೇಲೆ, ಪ್ರೌಢಶಾಲೆಯ ಗಣಿತವನ್ನು ಮರೆತವರೂ, ಇಂಗ್ಲಿಷ್ ಬರೆವಣಿಗೆಯಲ್ಲಿ ಹಿಂದುಳಿದವರೂ, ಪರದೇಶಗಳಿಂದ ಬಂದು ನೆಲಸಿದವರೂ ಸೇರಿದರು. ಇವರಿಗಾಗಿ ಪೂರ್ವಸಿದ್ಧತಾ ತರಗತಿಗಳು ಏರ್ಪಟ್ಟುವು. ಪ್ರವೇಶಕಾಲದ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದವನು ಗಣಿತದಲ್ಲಿ ಮೂರು ನಾಲ್ಕು ಮೆಟ್ಟಿಲು ಕೆಳಗಿನಿಂದ ಹತ್ತಬೇಕಾಗುತ್ತಿತ್ತು. ಒಂದೊಂದು ಮೆಟ್ಟಿಲಿನಲ್ಲಿಯೂ ಮುಕ್ಕಾಲುಪಾಲು ಮಂದಿ ತೇರ್ಗಡೆಯಾಗಿ ಮುಂದುವರಿಯುವರೆಂದು ಭಾವಿಸೋಣ. ನೂರು ಮಂದಿಯಲ್ಲಿ ಮೊದಲನೆಯ ಮೆಟ್ಟಿಲನ್ನು ದಾಟುವವರು ೭೫, ಎರಡನೆಯದನ್ನು ೫೬, ಮೂರನೆಯದನ್ನು ೪೨, ನಾಲ್ಕನೆಯದನ್ನು ೩೨ ಮಾತ್ರ. ಒಂದು ತರಗತಿಯನ್ನು ಮಾತ್ರ ನೋಡಿದರೆ ಫಲವು ತೃಪ್ತಿಕರವೆಂದು ತೋರುವುದು; ಮೆಟ್ಟಿಲುಗಳೆಲ್ಲವನ್ನೂ ಒಟ್ಟಾಗಿ ನೋಡಿದಾಗಲೇ ನಷ್ಟದ ಪ್ರಮಾಣವು ತಿಳಿಯುವುದು.

ಇನ್ನು ದ್ರವ್ಯದ ವಿಚಾರ. ಕಾಲೇಜಿಗೆ ಸಲ್ಲುವ ಹಣವನ್ನು ಬಹುಕಾಲ ವಿದ್ಯಾರ್ಥಿಗಳ ಪಾಠದ ಹೊತ್ತಿನಿಂದಲೇ ಎಣಿಸಲಾಗುತ್ತಿತ್ತು. ವಾರಕ್ಕೆ ೧೫ ಗಂಟೆಯಂತೆ ೩೫ ವಾರ, ಎಂದರೆ ೫೨೫ ಗಂಟೆ, ಒಬ್ಬ ಪೂರ್ಣಕಾಲದ ವಿದ್ಯಾರ್ಥಿಗೆ ಸಮ. ಪಾಠಕ್ರಮಗಳಲ್ಲಿ ಅಂಕಗಣನೆಗೆ ಸೇರುವವು, ಸೇರದವು ಎಂದು ಎರಡು ವರ್ಗಗಳುಂಟು. ಸೇರುವವುಗಳಿಗೆ ಸಾಮಾನ್ಯವಾಗಿ ಒಂದು ಗೊತ್ತಾದ ದಿನ ಹಾಜರಿಪಟ್ಟಿಯಲ್ಲಿ ಇದ್ದವರನ್ನು ಎಣಿಸಿ ಹಣ ಕೊಡುವರು. ವಿದ್ಯಾರ್ಥಿಯು ಶುಲ್ಕವನ್ನು ತೆರಬೇಕು. ಸೇರದವುಗಳಿಗೆ ಶುಲ್ಕವಿಲ್ಲ, ಆದರೆ ವಿದ್ಯಾರ್ಥಿಯು ಕುಳಿತ ಗಂಟೆಗಳನ್ನೇ ಎಣಿಸುವುದು ರೂಢಿಯಾಗಿತ್ತು, ಹಣದ ದರವೂ ಕಡಿಮೆಯಾಗಿತ್ತು. ಆದುದರಿಂದ ಹಗಲೆಲ್ಲ ದುಡಿದು ಸಂಜೆ ಓದಲು ಬರುವ ವಯಸ್ಕನು ಒಂದು ದಿನ ತಪ್ಪಿದರೆ ಕಾಲೇಜಿನ ವರಮಾನವೂ ಅಷ್ಟು ತಗ್ಗುವುದು. ಬಡವನಿಗೆ ಯಾವುದು ಅನುಕೂಲವೋ ಅದೇ ಕಾಲೇಜಿಗೆ ನಷ್ಟಕರವಾಗಿದ್ದಿತು. ಈ ವೈಪರೀತ್ಯವನ್ನು ನೀಗಲು ೨೦೦೬ರ ಶಾಸನವು ಗಣನೆಗೆ ಸೇರದ ಕಾಲೇಜು ಸಿದ್ಧತೆಯ ಮತ್ತು ಕಸಬಿನ ಪಾಠಗಳಿಗೆ ದರವನ್ನು ಹೆಚ್ಚಿಸಿತು. ೨೦೧೫-೧೬ರಿಂದ ಅದು ಗಣನೆಗೆ ಸೇರುವ ಪಾಠಗಳ ದರಕ್ಕೆ ಸಮವಾಯಿತು.

ವಿದ್ಯಾರ್ಥಿಗೆ ನೇರವಾಗಿ ದೊರೆಯುವ ಸಹಾಯಕ್ಕೂ ಒಂದು ಮೇರೆಯುಂಟು. ೧೯೭೨ರಲ್ಲಿ ಏರ್ಪಟ್ಟು, ಮುಂದೆ ಸೆನೆಟರ್ ಪೆಲ್ ಅವರ ಹೆಸರನ್ನು ಪಡೆದ ಕೇಂದ್ರ ಸರ್ಕಾರದ ಅನುದಾನವು ಪೂರ್ವಸಿದ್ಧತೆಗೆ ಸುಮಾರು ಒಂದು ವರ್ಷದ ಪಾಠದಷ್ಟಕ್ಕೆ ಮಾತ್ರ ಸಲ್ಲುವುದು. ೨೦೧೨ರಿಂದ ಒಟ್ಟು ಅನುದಾನವೂ ಹನ್ನೆರಡು ಅರ್ಧವರ್ಷಗಳಿಗೆ ಮಿತವಾಯಿತು. ಮೆಟ್ಟಿಲು ಹತ್ತುವುದರಲ್ಲಿಯೇ ಕಾಲವನ್ನು ಕಳೆದವನಿಗೆ ಮುಖ್ಯ ವ್ಯಾಸಂಗದ ವೇಳೆಗೆ ಗಂಟು ಕರಗಿರುವುದು.

ಈ ಸ್ಥಿತಿಯನ್ನು ಕಂಡು ಕ್ಯಾಲಿಫೋರ್ನಿಯಾ ೨೦೧೭ರಲ್ಲಿ ಹೊಸ ಕಾಯಿದೆಯನ್ನು ಮಾಡಿತು. ಪ್ರವೇಶಪರೀಕ್ಷೆಯ ಬದಲು ಪ್ರೌಢಶಾಲೆಯ ಸಾಧನೆಯನ್ನು ಆಧಾರವಾಗಿಟ್ಟುಕೊಳ್ಳಬೇಕು. ಇಂಗ್ಲಿಷ್ ಮತ್ತು ಗಣಿತಗಳ ಕಾಲೇಜುಮಟ್ಟದ ಪಾಠವನ್ನು ಒಂದು ವರ್ಷದೊಳಗೆ ಮುಗಿಸುವ ಸಂಭವವು ಹೆಚ್ಚುವಂತೆ ವಿದ್ಯಾರ್ಥಿಯನ್ನು ಸೇರಿಸಬೇಕು ಎಂಬುದು ಅದರ ಸಾರ. ೨೦೧೯ರ ಶರತ್ಕಾಲದಿಂದ ಇದು ಪೂರ್ಣವಾಗಿ ಜಾರಿಗೆ ಬಂದಿತು. ೨೦೨೨ರ ಕಾಯಿದೆಯು ಇದನ್ನು ಬಿಗಿಗೊಳಿಸಿತು. ಮುನ್ನ ನಡೆಯುತ್ತಿದ್ದ ಸಿದ್ಧತೆಯು ಈಗ ಮುಖ್ಯಪಾಠದ ಜೊತೆಜೊತೆಗೆ ನಡೆಯುವ ಸಹಾಯಕ ಪಾಠವಾಯಿತು. ಮೊದಲ ವರ್ಷದಲ್ಲಿಯೇ ಆ ಪಾಠಗಳನ್ನು ಮುಗಿಸಿದವರ ಸಂಖ್ಯೆಯು ಏರಿತು. ನೇರವಾಗಿ ಸೇರಿ ಅನುತ್ತೀರ್ಣರಾದವರ ಸಂಖ್ಯೆಯೂ ಏರಿತು. ಎರಡನ್ನೂ ಹೇಳದೆ ತೀರ್ಪು ಕೊಡುವುದು ನ್ಯಾಯವಲ್ಲ.

ಇದರ ನಡುವೆ ೨೦೧೮ರಲ್ಲಿ ಹಣ ಹಂಚುವ ಸೂತ್ರವೂ ಬದಲಾಯಿತು. ಸುಮಾರು ನೂರಕ್ಕೆ ೭೦ ಪಾಲು ವಿದ್ಯಾರ್ಥಿಸಂಖ್ಯೆಗೆ, ೨೦ ಪಾಲು ಬಡ ವಿದ್ಯಾರ್ಥಿಗಳ ಸಂಖ್ಯೆಗೆ, ೧೦ ಪಾಲು ಸಾಧಿಸಿದ ಫಲಕ್ಕೆ ಎಂದು ಗೊತ್ತಾಯಿತು. ಮೊದಲ ವರ್ಷದಲ್ಲಿ ಇಂಗ್ಲಿಷ್ ಗಣಿತಗಳನ್ನು ಮುಗಿಸುವುದು ಆ ಫಲಗಳಲ್ಲಿ ಒಂದು. ಗಣನೆಗೆ ಸೇರದ ಸಿದ್ಧತಾ ಪಾಠಗಳನ್ನು ಮಾತ್ರ ಸೂತ್ರದ ಹೊರಗೆ, ಗಂಟೆಯ ಲೆಕ್ಕದಲ್ಲಿಯೇ ಉಳಿಸಲಾಯಿತು.

ಪ್ರೌಢಶಾಲೆಯಲ್ಲಿ ಒಮ್ಮೆ ಹಣ ತೆತ್ತು ಕಲಿಸಿದುದನ್ನೇ ಮತ್ತೊಮ್ಮೆ ಕಲಿಸಲು ಪ್ರಜೆಗಳು ಏಕೆ ತೆರಿಗೆ ಕೊಡಬೇಕೆಂಬ ಆಕ್ಷೇಪವುಂಟು. ಪ್ರೌಢಶಾಲೆಯನ್ನು ಕಾಣದ ವಲಸೆಗಾರನಿಗೂ, ಇಪ್ಪತ್ತು ವರ್ಷ ದುಡಿದು ಮರಳಿ ಪುಸ್ತಕ ಹಿಡಿದವನಿಗೂ ಅದು ಅನ್ವಯಿಸಲಾರದು. ಇತರರ ವಿಷಯದಲ್ಲಿ ಆಕ್ಷೇಪಕ್ಕೆ ಬಲವುಂಟಾದರೂ ಅದು ಹಿಂದಿನ ಶಾಲೆಯನ್ನು ತಿದ್ದಲು ಕಾರಣವೇ ಹೊರತು ಮುಂದಿನ ಬಾಗಿಲನ್ನು ಮುಚ್ಚಲು ಕಾರಣವಲ್ಲ. ಹಣವು ಏನನ್ನು ಎಣಿಸುವುದೋ ವಿದ್ಯಾಶಾಲೆಯು ಅದನ್ನೇ ಬೆಳೆಸುವುದೆಂಬುದು ಕ್ಯಾಲಿಫೋರ್ನಿಯಾದ ಅನುಭವದ ಸಾರ. ಗಂಟೆಯನ್ನು ಮಾತ್ರ ಎಣಿಸಿದರೆ ಮೆಟ್ಟಿಲುಗಳು ಹೆಚ್ಚುವುವು. ಫಲವನ್ನು ಮಾತ್ರ ಎಣಿಸಿದರೆ ಬಹಳ ಕೆಳಗಿನಿಂದ ಹತ್ತಬೇಕಾದವನು ಲೆಕ್ಕದಿಂದಲೇ ಬಿಟ್ಟುಹೋಗುವನು. ಅವನು ಹತ್ತಿದ ದೂರವನ್ನೂ ಎಣಿಸುವ ಲೆಕ್ಕವು ಏರ್ಪಟ್ಟಲ್ಲಿ ಮಾತ್ರ ತೆರೆದ ಬಾಗಿಲು ಸಾರ್ಥಕವಾಗುವುದು.