ಬೆರಳ ತುದಿಯ ವಿದ್ಯೆ

ಹತ್ತಿ, ಕಡಲೆ, ಜೋಳಗಳ ಕರಿನೆಲವಾದ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ, ಎದೆಯಲ್ಲೊಂದು ಗಂಟು ಕೈಗೆ ತಾಕಿದ ಹೆಂಗಸು, ಅದು ನೋಯುವುದಿಲ್ಲವೆಂಬ ಒಂದೇ ಕಾರಣದಿಂದ, ಸುಗ್ಗಿ ತೀರುವ ತನಕ ಯಾರೆದುರೂ ಬಾಯಿಬಿಡದೆ ಇದ್ದುಬಿಡುವುದುಂಟು. ಕಡೆಗೆ ಅವಳು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯನ್ನೋ ಬೆಂಗಳೂರಿನ ಕಿದ್ವಾಯಿಯನ್ನೋ ಮುಟ್ಟುತ್ತಾಳೆ. ಅದಕ್ಕೆ ಎಷ್ಟೋ ಮುನ್ನ, ಜ್ವರಕ್ಕೋ ಮಗುವಿನ ಭೇದಿಗೋ ಮದ್ದು ಕೇಳಲು ಊರ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನು ಕಂಡೇ ಇರುತ್ತಾಳೆ. ಆ ಡಾಕ್ಟರ ಕೈಯನ್ನೇ ಪಳಗಿಸಬೇಕೆಂಬ ವಿಚಾರ ಬಲು ಸುತ್ತು ಬಳಸಿ ಬಂದುದು.

1963ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಸ್ತನ ಕ್ಯಾನ್ಸರ್ ತಪಾಸಣೆಯ ಪ್ರಯೋಗದಲ್ಲಿ ಮ್ಯಾಮೊಗ್ರಫಿ ಎಂಬ ಸ್ತನದ ಕ್ಷಕಿರಣ ಚಿತ್ರವೂ ವೈದ್ಯರ ಹಸ್ತಪರೀಕ್ಷೆಯೂ ಜೊತೆಗೂಡಿದ್ದುವು; ಕೀರ್ತಿಯೆಲ್ಲ ಯಂತ್ರದ ಪಾಲಾಯಿತು. 1980ರಲ್ಲಿ ಮೊದಲಾದ ಕೆನಡಾದ ಅಧ್ಯಯನವಾದರೋ, 50ರಿಂದ 59ರ ವಯಸ್ಸಿನವರಲ್ಲಿ, ಜಾಗರೂಕವಾದ ಹಸ್ತಪರೀಕ್ಷೆಗೆ ಮ್ಯಾಮೊಗ್ರಫಿಯನ್ನು ಸೇರಿಸಿದರೂ ಮರಣಸಂಖ್ಯೆ ಇಳಿಯದೆಂದು ತೋರಿಸಿ, ಇಂದಿಗೂ ಮುಗಿಯದ ವಾಗ್ವಾದವೊಂದನ್ನು ಎಬ್ಬಿಸಿತು. ಯಂತ್ರ ಕೊಳ್ಳಲಾರದ ದೇಶಗಳಿಗೆ ಅದರಲ್ಲೊಂದು ಆಶೆ ಕಂಡಿತು. 1998ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು, ಡಾಕ್ಟರರನ್ನಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರನ್ನು ಹಸ್ತಪರೀಕ್ಷೆಗೆಂದು ಕೊಳೆಗೇರಿಗಳಿಗೆ ಕಳುಹಿಸಿದರು. ಒಂದೂವರೆ ಲಕ್ಷ ಸ್ತ್ರೀಯರ ಈ ಪ್ರಯೋಗದ ಫಲ 2021ರಲ್ಲಿ ಹೊರಬಿದ್ದಾಗ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಮರಣ ಸುಮಾರು ಶೇಕಡಾ 30ರಷ್ಟು ತಗ್ಗಿದ್ದಿತು. ಕಿರಿಯರಲ್ಲಿ ಅಂಥ ಲಾಭ ಕಾಣಲಿಲ್ಲವೆಂಬುದನ್ನು ಉತ್ಸಾಹಿಗಳು ಮರೆಯುತ್ತಾರೆ.

ಫಲ ಬರುವುದಕ್ಕೆ ಮೊದಲೇ, 2016ರಲ್ಲಿ, ಕೇಂದ್ರ ಸರ್ಕಾರ 30ರಿಂದ 65ರ ವಯಸ್ಸಿನ ಸ್ತ್ರೀಯರಿಗೆ ಐದು ವರ್ಷಕ್ಕೊಮ್ಮೆ ಈ ಹಸ್ತಪರೀಕ್ಷೆಯಾಗಬೇಕೆಂದು ವಿಧಿಸಿತು. ಮನೆ ಬಾಗಿಲಲ್ಲೇ ತಪಾಸಣೆ ನಡೆಸುವ ಕರ್ನಾಟಕದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಹೊರಟಿತು. ಆದರೆ ವಿಧಿಸಿದ ಮಾತ್ರಕ್ಕೆ ಬೆರಳು ಕಲಿಯುವುದಿಲ್ಲ. ಎಂಬಿಬಿಎಸ್ ಪರೀಕ್ಷೆಗೆಂದು ಕಲಿತದ್ದು ದಿನದ ಚೀಟಿಗಳ ಗದ್ದಲದಲ್ಲಿ ಕೈಬಿಟ್ಟುಹೋಗಿರುತ್ತದೆ. ನಡುವಿನ ಮೂರು ಬೆರಳುಗಳ ಮೆತ್ತನೆಯ ಭಾಗದಿಂದ ಸಣ್ಣ ಸುತ್ತು ತಿರುವುತ್ತ, ಮೇಲು, ನಡು, ಆಳವೆಂದು ಮೂರು ಬಗೆಯ ಒತ್ತಡದಲ್ಲಿ, ಉದ್ದನೆಯ ಸಾಲುಗಳಾಗಿ, ಕಂಕುಳನ್ನೂ ಬಿಡದೆ ನೋಡುವ ಕ್ರಮಕ್ಕೆ ಫ್ಲಾರಿಡಾದ ಸಂಶೋಧಕರು 1970ರ ದಶಕದಲ್ಲೇ ಗಂಟುಗಳನ್ನು ಹುದುಗಿಸಿದ ಸಿಲಿಕೋನ್ ಪ್ರತಿಕೃತಿಗಳ ಮೇಲೆ ಬುನಾದಿ ಹಾಕಿದ್ದರು.

ನನಗೆ ತೋರುವಂತೆ, ಇದಕ್ಕಿಂತಲೂ ಕಠಿನವಾದುದು ಅನಂತರದ ಪಾಠ: ಸಿಕ್ಕ ಗಂಟಿಗೆ ಗುಳಿಗೆ ಕೊಟ್ಟು ತಿಂಗಳು ಕಾಯಿಸದೆ, ಸ್ಕ್ಯಾನಿಂಗಿಗೂ ಸೂಜಿ ಪರೀಕ್ಷೆಗೂ ಕೂಡಲೆ ಗದಗಿಗೋ ಹುಬ್ಬಳ್ಳಿಗೋ ಕಳುಹಿಸುವುದು; ಹೋದಳೋ ಇಲ್ಲವೋ ಎಂದು ಆಶಾ ಕಾರ್ಯಕರ್ತೆಯಿಂದ ವಿಚಾರಿಸಿಕೊಳ್ಳುವುದು. ಡಾಕ್ಟರು ಗಂಡಸಾದಲ್ಲಿ ಬಾಗಿಲಿಗೊಂದು ಪರದೆಯೂ ಪಕ್ಕದಲ್ಲಿ ನರ್ಸಮ್ಮನೂ ಬೇಕೇ ಬೇಕು. ಇಲ್ಲದಿದ್ದರೆ ಸೆರಗು ಸರಿಯುವುದಿಲ್ಲ.