ಹೆಡ್‌ಫೋನ್ ಕೊಳ್ಳುವ ಮುನ್ನ ತಂಬೂರಿ ಕೇಳಿ

ಎರಡು ಸಾವಿರದ ಇಯರ್‌ಫೋನ್ ಸಾಕಾಗಿ, ಸಂಗೀತಕ್ಕೆಂದೇ ಒಂದು ಒಳ್ಳೆಯ ಹೆಡ್‌ಫೋನ್ ಕೊಳ್ಳೋಣ ಎಂದು ಆಫೀಸಿನ ಕ್ಯಾಂಟೀನಿನಲ್ಲಿ ಬಾಯಿಬಿಟ್ಟು ನೋಡಿ. ಒಬ್ಬ ಸೋನಿ ಎನ್ನುತ್ತಾನೆ, ಇನ್ನೊಬ್ಬ ಸೆನ್‌ಹೈಸರ್ ಎನ್ನುತ್ತಾನೆ, ಮೂರನೆಯವನು ಗ್ರಾಫ್ ತೆರೆದು ಕೂರುತ್ತಾನೆ. ನೀವು ಏನು ಕೇಳುತ್ತೀರಿ, ಎಲ್ಲಿ ಕೂತು ಕೇಳುತ್ತೀರಿ ಎಂದು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ನಲವತ್ತು ಸಾವಿರ ಖರ್ಚು ಮಾಡುವವನು ಮೊದಲು ಉತ್ತರಿಸಬೇಕಾದದ್ದು ಈ ಎರಡೇ ಪ್ರಶ್ನೆಗಳಿಗೆ.

ಎಲ್ಲಿ ಎಂಬುದು ಮುಂಬೈನಲ್ಲಿ ಸಣ್ಣ ಮಾತಲ್ಲ. ನನ್ನದು ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಐರೋಲಿ. ಹೋಗಿ ಬರಲು ದಿನಕ್ಕೆ ಎರಡು ಗಂಟೆ. ಬೆಳಗಿನ ಲೋಕಲ್‌ನಲ್ಲಿ ನನ್ನ ಫೋನಿನ ಆ್ಯಪ್ 85 ಡೆಸಿಬಲ್ ಆಸುಪಾಸು ತೋರಿಸುತ್ತದೆ. ಅದರ ಮೇಲೆ ಹಾಡು ಕೇಳಿಸಬೇಕೆಂದರೆ ವಾಲ್ಯೂಮ್ 90 ದಾಟಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೀ ನಾಲ್ಕು ಗಂಟೆ. ನನ್ನ ಪ್ರಯಾಣವೇ ವಾರಕ್ಕೆ ಹತ್ತು ಗಂಟೆ. ಹೆಡ್‌ಫೋನ್ ಹಾಳಾದರೆ ಇನ್ನೊಂದು ತರಬಹುದು, ಕಿವಿಗೆ ಬದಲಿ ಭಾಗ ಸಿಗುವುದಿಲ್ಲ. ಗದ್ದಲ ತಗ್ಗಿಸುವ ಹೆಡ್‌ಫೋನ್‌ಗಳು ಹಳಿಯ ಗುಡುಗನ್ನು ಚೆನ್ನಾಗಿ ನುಂಗುತ್ತವೆ, ಆದರೆ ಪಕ್ಕದವರ ಜಗಳ ಹಾಗೇ ಉಳಿಯುತ್ತದೆ. ಅವು ಪ್ರಯಾಣಕ್ಕೆ ಸರಿ. ಯಮನ್‌ನ ನಿಧಾನ ಆಲಾಪಕ್ಕೆ ಆ ಡಬ್ಬಿ ಜಾಗವೇ ಅಲ್ಲ.

ಹಾಗಾಗಿ ನನಗೆ ಉಳಿದದ್ದು ರಾತ್ರಿ ಹತ್ತೂವರೆಯ ನಂತರದ ಒಂದು ಗಂಟೆ. ಮಗಳು ಮಲಗಿರುತ್ತಾಳೆ, ಕೆಳಗೆ ರಿಕ್ಷಾಗಳ ಸದ್ದು ತಗ್ಗಿರುತ್ತದೆ. ಈ ಹೊತ್ತಿಗೆ ಓಪನ್ ಬ್ಯಾಕ್ ಹೊಂದುತ್ತದೆ. ಅಂದರೆ ಕಿವಿಯ ಬಟ್ಟಲಿನ ಹೊರಬದಿ ಮುಚ್ಚಿರುವುದಿಲ್ಲ, ಬರೀ ಜಾಲರಿ. ಗಾಳಿ ಒಳಗೆ ಕಟ್ಟಿಕೊಳ್ಳದ ಕಾರಣ ಧ್ವನಿ ತಲೆಯೊಳಗೆ ಅಮರದೆ ಸ್ವಲ್ಪ ಆಚೆ ನಿಂತು ಕೇಳುತ್ತದೆ. ನಾವು ಕೇಳುವುದು ಪಕ್ಕದವರಿಗೂ ಕೇಳುತ್ತದೆ ಎಂಬುದು ಬೇರೆ ಮಾತು. ಫ್ಯಾನ್ ಮೂರರ ಮೇಲೆ ತಿರುಗಿದರೆ ಅದೂ ಹಾಡಿಗೆ ಜೊತೆಯಾಗುತ್ತದೆ.

ಇನ್ನು ಏನು ಕೇಳುತ್ತೀರಿ ಎಂಬುದು. ನಮ್ಮದು ಧಾರವಾಡದ ಮನೆ. ಅಪ್ಪನ ಟ್ರಂಕಿನಲ್ಲಿ ನೂರರ ಹತ್ತಿರ ಕ್ಯಾಸೆಟ್. ಮನಸೂರ, ಗಂಗೂಬಾಯಿ, ಭೀಮಸೇನ ಜೋಶಿ, ಕುಮಾರ ಗಂಧರ್ವ. ಹಾಡುಗಾರಿಕೆಯ ಹೆಚ್ಚಿನ ಶಕ್ತಿ ಸುಮಾರು 100ರಿಂದ 4,000 ಹರ್ಟ್ಝ್ ಒಳಗೇ ಇರುತ್ತದೆ. ಇಂದಿನ ಬಹಳಷ್ಟು ಹೆಡ್‌ಫೋನ್‌ಗಳು ಕೆಳಗಿನ ಬೇಸ್ ಎತ್ತಿ, ಮೇಲಿನ ತುದಿಗೆ ಮಿಂಚು ಹಚ್ಚಿ, ನಡುವಿನದನ್ನು ತಗ್ಗಿಸುತ್ತವೆ. ಅಂಗಡಿಯಲ್ಲಿ ಐದು ನಿಮಿಷ ಕೇಳಿದರೆ ಭರ್ಜರಿ ಎನಿಸುತ್ತದೆ. ಅದರಲ್ಲೇ ಗಂಗೂಬಾಯಿಯವರ ಗಡಸು ದನಿ ಕೇಳಿ, ಕೊಡದೊಳಗಿಂದ ಬಂದಂತಿರುತ್ತದೆ.

ನನ್ನ ಪರೀಕ್ಷೆ ತಂಬೂರಿಯದ್ದು. ತಂತಿಗೂ ಕುದುರೆಗೂ ನಡುವೆ ಒಂದು ಎಳೆ ದಾರ ಸರಿಸಿ ಜೀವಾರಿ ಕೂಡಿಸುತ್ತಾರಲ್ಲ, ಆಗ ಒಂದು ಮೀಟಿಗೆ ಸ್ವರದ ಮೇಲೆ ಸ್ವರ ಬಿಚ್ಚಿಕೊಳ್ಳುತ್ತದೆ. ಆ ಬಿಚ್ಚುವಿಕೆ ಹೆಡ್‌ಫೋನ್‌ನಲ್ಲಿ ಕೇಳಿಸಬೇಕು, ಜೇನ್ನೊಣದ ಗುಂಯ್ ಆಗಬಾರದು. ಆದರೆ ಅದಕ್ಕೆ ನಿಜವಾದ ತಂಬೂರಿ ಮೈಕಿಲ್ಲದೆ ಹೇಗೆ ನುಡಿಯುತ್ತದೆ ಎಂದು ಗೊತ್ತಿರಬೇಕು. ಹುಬ್ಬಳ್ಳಿಗೆ ಹೋಗುವ ದಾರಿಯಲ್ಲೇ ಮಿರಜ ಇದೆ, ತಂಬೂರಿ ಮಾಡುವವರ ಊರು. ಒಮ್ಮೆ ಇಳಿದು ಒಂದು ಅಂಗಡಿಯಲ್ಲಿ ಹತ್ತು ನಿಮಿಷ ಕೂತು ಬನ್ನಿ. ಯಾವ ಗ್ರಾಫೂ ಅಷ್ಟು ಕಲಿಸುವುದಿಲ್ಲ.

ಕೊಳ್ಳುವ ಮುಂಚೆ ಕೇಳಿ ನೋಡುವ ಜಾಗಗಳು ಕಡಿಮೆಯಾಗಿವೆ. ಕಾಲಾಘೋಡಾದ ರಿದಮ್ ಹೌಸ್ 2016ರಲ್ಲಿ ಬಾಗಿಲು ಹಾಕಿತು. ಲ್ಯಾಮಿಂಗ್ಟನ್ ರೋಡಿನಲ್ಲಿ ಎಲ್ಲವೂ ಸಿಗುತ್ತದೆ, ಕೂರಲು ಸ್ಟೂಲ್ ಒಂದು ಬಿಟ್ಟು. ಆದರೂ ಆ ಕಡೆ ಹೋದಾಗ ಒಂದು ನೆನಪು ಬರುತ್ತದೆ. ಅಲ್ಲೇ ಪಕ್ಕದ ಒಪೇರಾ ಹೌಸ್ ಬಳಿ ಬಿ.ಆರ್. ದೇವಧರರ ಸಂಗೀತ ಶಾಲೆ ಇತ್ತು. ಬೆಳಗಾವಿಯ ಸುಳೇಭಾವಿಯ ಹುಡುಗ ಶಿವಪುತ್ರ, ಅಂದರೆ ಕುಮಾರ ಗಂಧರ್ವ, ಹನ್ನೊಂದರ ವಯಸ್ಸಿಗೆ ಕಲಿಯಲು ಬಂದದ್ದು ಅಲ್ಲಿಗೆ. ಮುಂದೆ ಕ್ಷಯದಿಂದ ಅವರ ಒಂದು ಶ್ವಾಸಕೋಶ ಹೋಯಿತು. ಆಮೇಲಿನ ಹಾಡುಗಳಲ್ಲಿ ಅವರು ಸಣ್ಣ ಸಣ್ಣ ತುಣುಕುಗಳಲ್ಲಿ ಸ್ವರ ಎಸೆದು, ನಡುವೆ ಉಸಿರು ತೆಗೆದುಕೊಳ್ಳುತ್ತಾರೆ. ಆ ಉಸಿರು ಕೇಳಿಸುವ ಹೆಡ್‌ಫೋನೇ ನನಗೆ ಬೇಕಿತ್ತು.

ಕೂತು ಕೇಳಲು ಬಿಡುವ ಒಂದು ಅಂಗಡಿ ಸಿಕ್ಕಿತು. ಫೋನಿನಲ್ಲಿ ಅಪ್ಪನ ಕ್ಯಾಸೆಟ್‌ನಿಂದ ಇಳಿಸಿದ ಫೈಲ್ ಒಯ್ದಿದ್ದೆ. ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು, ಧಾರವಾಡ ಆಕಾಶವಾಣಿಯ ಒಂದು ಸಂಜೆ. ಅಲ್ಲಿದ್ದ ಅತಿ ದುಬಾರಿ ಜೋಡಿಯಲ್ಲಿ ಟೇಪಿನ ಹಿಸ್ ಸದ್ದೇ ಮುಂದೆ ಬಂದು ನಿಂತಿತು. ಸೆನ್‌ಹೈಸರ್ ಎಚ್‌ಡಿ 600 ಹಾಕಿದೆ. 1997ರ ಮಾದರಿ, ನೋಡಲು ಮಾಮೂಲಿ. ಹಿಸ್ ಹಿಂದೆ ಸರಿಯಿತು, ದನಿ ಎದುರಿಗೆ ಬಂತು. ಹಾಡಿನ ನಡುವೆ ಎಲ್ಲೋ ಅಡುಗೆಮನೆ ಕಡೆಯಿಂದ, "ಚಹಾ ಆಗ್ಯದ, ಬಾ." ಅಜ್ಜಿ. ಅವಳು ಹೋಗಿ ಹದಿನಾಲ್ಕು ವರ್ಷ. ಇಯರ್‌ಫೋನ್‌ನಲ್ಲಿ ಈ ಫೈಲನ್ನು ಎಷ್ಟೋ ಸಲ ಕೇಳಿದ್ದೇನೆ, ಅಲ್ಲಿ ಏನೋ ಗೊಣಗು ಎಂದಷ್ಟೇ ತಿಳಿದಿತ್ತು. ಅಂಗಡಿಯ ಹುಡುಗ ನೀರು ತಂದುಕೊಟ್ಟ. ಬೇರೆ ಮಾಡೆಲ್ ತೋರಿಸಲಾ ಎಂದು ಅವನು ಕೇಳಲಿಲ್ಲ.

ಒಂದು ಎಚ್ಚರಿಕೆ. ಇದು 300 ಓಮ್‌ನದು. ಫೋನಿನ ಡಾಂಗಲ್ ಒಂದು ವೋಲ್ಟ್ ಕೊಟ್ಟರೆ 32 ಓಮ್ ಹೆಡ್‌ಫೋನ್‌ಗೆ 31 ಮಿಲಿವ್ಯಾಟ್ ಸಿಗುತ್ತದೆ, ಇದಕ್ಕೆ ಮೂರು ಚಿಲ್ಲರೆ. ಹಳೆಯ ರೆಕಾರ್ಡಿಂಗ್‌ಗಳ ಮಟ್ಟ ಮೊದಲೇ ತಗ್ಗು. ಹಾಗಾಗಿ ಒಂದು ಸಣ್ಣ ಆ್ಯಂಪ್‌ಗೆ ಬಜೆಟ್‌ನಲ್ಲಿ ಜಾಗ ಇಡಿ. ದೊಡ್ಡದು ಬೇಡ, ಆ ಹಣ ಹೆಡ್‌ಫೋನ್‌ಗೆ ಹೋಗಲಿ. ಮುಂಬೈ ಮಳೆಗಾಲದ ಮಾತೂ ಇದೆ. ರೆಕ್ಸಿನ್ ಪ್ಯಾಡುಗಳು ಇಲ್ಲಿನ ತೇವಕ್ಕೆ ಹಪ್ಪಳದಂತೆ ಏಳುತ್ತವೆ. ಪ್ಯಾಡ್, ಕೇಬಲ್ ಬಿಚ್ಚಿ ಬದಲಿಸಲು ಬರುವುದನ್ನೇ ನೋಡಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟುಬಿಡಿ.

ಅಪ್ಪನಿಗೆ ಫೋನ್ ಮಾಡಿ ಅಜ್ಜಿಯ ಮಾತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಕ್ಯಾಸೆಟ್ಟು?" ಎಂದು ಕೇಳಿದರು. ಟ್ರಂಕಿನಲ್ಲಿ ಇನ್ನೂ ಅರವತ್ತು ಉಳಿದಿವೆ. ದೀಪಾವಳಿಗೆ ಹೋದಾಗ ತರಬೇಕು, ಬಿಸಿಲು ತಾಗದಂತೆ, ಬಟ್ಟೆಯ ನಡುವೆ ಸುತ್ತಿ. ಅಷ್ಟರೊಳಗೆ ಲ್ಯಾಮಿಂಗ್ಟನ್ ರೋಡಿನಲ್ಲಿ ಕ್ಯಾಸೆಟ್ ಡೆಕ್‌ನ ಹೆಡ್ ಸರಿಮಾಡುವವರು ಯಾರಾದರೂ ಉಳಿದಿದ್ದಾರಾ ಎಂದು ಹುಡುಕುತ್ತಿದ್ದೇನೆ.